ಕಾಲಿನ ಬಾವು ಇಳಿದಿದೆ, ಮನೆಗೆ ಕರ್ಕೊಂಡು ಹೋಗಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಹಾವೇರಿ ಹತ್ತಿರದ ಹಳ್ಳಿ. ಆಚೆ ಮೊನ್ನೆ ಸಂಜೆ ಗೋವಿನಜೋಳದ ಹೊಲದಲ್ಲಿ ನಮ್ಮ ಕಾಕಾಗೆ ಕೊಳಕುಮಂಡಲ ಹಾವು ಕಚ್ಚಿತು. ತಕ್ಷಣ ಆಸ್ಪತ್ರೆಗೆ ಸೇರಿಸಿದ್ವಿ, ವಿಷಕ್ಕೆ ಔಷಧಿ ಏರಿಸಿದ್ದಾರೆ. ಈಗ ಬಾವು ಸ್ವಲ್ಪ ಇಳಿದಿದೆ, ಚಹಾ ಕುಡಿದು ಆರಾಮಾಗಿ ಮಾತಾಡ್ತಾರೆ. ಆದ್ರೆ ರಕ್ತ ಇನ್ನೂ ಹೆಪ್ಪುಗಟ್ತಿಲ್ಲ, ಒಳಗೆ ರಕ್ತಸ್ರಾವ ಆಗಬಹುದು, ಇರ್ರಿ ಅಂತಾರೆ ಇಲ್ಲಿನ ಡಾಕ್ಟ್ರು. ಕಚ್ಚಿದ್ದು ಪಾದಕ್ಕೆ ಅಲ್ವಾ, ಒಳಗೆ ಯಾಕೆ ರಕ್ತಸ್ರಾವ ಆಗುತ್ತೆ? ಕಾಕಾ ಅಂತೂ ಮನೆಗೆ ಹೋಗ್ತೀನಿ ಅಂತ ಹಠ ಹಿಡಿದಿದ್ದಾರೆ.

ಉತ್ತರ: ದಯವಿಟ್ಟು ಕರ್ಕೊಂಡು ಹೋಗಬೇಡಿ. ಬಾವು ನೋಡಿ ತೀರ್ಮಾನ ಮಾಡುವ ವಿಷಯ ಅಲ್ಲ ಇದು. ಕೊಳಕುಮಂಡಲದ ವಿಷ ರಕ್ತಕ್ಕೆ ಸೇರಿದ ಮೇಲೆ ಮೈತುಂಬಾ ಓಡಾಡುತ್ತದೆ, ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನೆಲ್ಲ ಖರ್ಚು ಮಾಡಿಬಿಡುತ್ತದೆ, ಜೊತೆಗೆ ಸಣ್ಣ ರಕ್ತನಾಳಗಳ ಗೋಡೆಯನ್ನೂ ಕೆಡಿಸುತ್ತದೆ. ಹಾಗಾಗಿ ಒಸಡಿನಲ್ಲಿ, ಹೊಟ್ಟೆಯಲ್ಲಿ, ಅಪರೂಪಕ್ಕೆ ಮೆದುಳಿನಲ್ಲೂ ರಕ್ತ ಸೋರಬಹುದು. ಔಷಧಿ ವಿಷವನ್ನು ಕಟ್ಟಿಹಾಕುತ್ತದೆ ಅಷ್ಟೇ, ಖರ್ಚಾದದ್ದನ್ನು ಲಿವರ್ ಮತ್ತೆ ತಯಾರಿಸಬೇಕು, ಅದಕ್ಕೆ ಟೈಮ್ ಬೇಕು.

ಅಲ್ಲಿ ಮಾಡುವ ಪರೀಕ್ಷೆ ನೀವೂ ನೋಡಿರಬಹುದು. ಒಣಗಿದ, ಸ್ವಚ್ಛವಾದ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಟ್ಯೂಬ್ ವಾಲಿಸಿದಾಗ ರಕ್ತ ಗಡ್ಡೆಯಾಗಿ ನಿಲ್ಲಬೇಕು. ನೀರಿನಂತೆ ಹರಿದರೆ ಅಪಾಯ ಇನ್ನೂ ಇದೆ ಅಂತಲೇ ಅರ್ಥ. ಸಾಮಾನ್ಯವಾಗಿ ಔಷಧಿ ಕೊಟ್ಟು 6 ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ, ಬೇಕಾದರೆ ಇನ್ನೊಂದು ಸಲ ಔಷಧಿ ಕೊಡುತ್ತಾರೆ. ಒಮ್ಮೆ ಸರಿಹೋದ ರಕ್ತ ಮತ್ತೆ ಕೆಡುವುದೂ ಉಂಟು.

ಪ್ರಶ್ನೆ: ಹೌದ್ರೀ ಸರ್, ನೆತ್ತರು ನೀರಿನ ಹಂಗೇ ಇತ್ತು. ಕಾಲು ನೋವು ಅಂತಾರೆ, ಊರಿನ ಡಾಕ್ಟರ್ ಹತ್ರ ಒಂದು ಸೂಜಿ ಮಾಡಿಸಬಹುದಾ?

ಉತ್ತರ: ಬೇಡವೇ ಬೇಡ. ಈ ಸ್ಥಿತಿಯಲ್ಲಿ ಸೊಂಟಕ್ಕೆ ಸೂಜಿ ಹಾಕಿದರೆ ಅಲ್ಲೇ ಒಳಗೆ ರಕ್ತ ತುಂಬಿಕೊಳ್ಳುತ್ತದೆ. ಡೈಕ್ಲೋಫೆನಾಕ್ ತರಹದ ನೋವಿನ ಔಷಧಿ ರಕ್ತಸ್ರಾವ ಜಾಸ್ತಿ ಮಾಡುತ್ತದೆ, ಕಿಡ್ನಿಗೂ ಕೆಟ್ಟದ್ದು. ಕೊಳಕುಮಂಡಲದ ವಿಷಕ್ಕೆ ಕಿಡ್ನಿ ಮೊದಲೇ ನಲುಗಿರಬಹುದು, ಹಾಗಾಗಿ ದಿನಕ್ಕೆ ಎಷ್ಟು ಮೂತ್ರ ಹೋಗ್ತಿದೆ ಅಂತ ಲೆಕ್ಕ ಇಡಿ. ನೋವಿಗೆ ವಾರ್ಡಿನ ಡಾಕ್ಟರನ್ನೇ ಕೇಳಿ, ಪ್ಯಾರಾಸಿಟಮಾಲ್ ಕೊಡುತ್ತಾರೆ.

ರಾತ್ರಿ ಜೊತೆಗಿರುವವರಿಗೆ ಹೇಳಿಡಿ: ಜೋರು ತಲೆನೋವು, ವಾಂತಿ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಸುಮ್ನೆ ಮಂಪರು, ಮೂತ್ರ ಕೆಂಪಾಗುವುದು, ಮಲ ಡಾಂಬರಿನಂತೆ ಕಪ್ಪಾಗುವುದು, ಹೊಟ್ಟೆ ಬಿಗಿಯುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಸಿಸ್ಟರನ್ನು ಎಬ್ಬಿಸಿ. ತಲೆ ಸ್ಕ್ಯಾನ್‌ಗೆ ಹುಬ್ಬಳ್ಳಿಗೆ ಕಳಿಸಿದರೆ ತಡಮಾಡಬೇಡಿ, ಎಷ್ಟು ಬಾಟಲಿ ಔಷಧಿ ಎಷ್ಟು ಗಂಟೆಗೆ ಏರಿಸಿದ್ದಾರೆ ಅನ್ನುವ ಚೀಟಿ ಜೊತೆಗಿರಲಿ.