ದೇವರಿಗಾಗಿ ಹಾಕಿಕೊಂಡ ಯೋಜನೆಯನ್ನು ದೇವರೇ ತಡೆದರೆ?

ಹುಬ್ಬಳ್ಳಿಯ ಶಿಕ್ಷಕಿ:

ಎಲ್ಲರಿಗೂ ವಂದನೆಗಳು. ನಾನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿದ್ದು, 32 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ಕಳೆದ ವರ್ಷ ನಿವೃತ್ತಳಾದವಳು. ಮುಳಗುಂದದ ಸಮೀಪದ ನನ್ನ ತವರೂರಿನಲ್ಲಿ ಮೆಣಸಿನಕಾಯಿ ಬಿಡಿಸುವ ಹಂಗಾಮು ಬಂತೆಂದರೆ ಕೆಲವು ಹೆಣ್ಣುಮಕ್ಕಳು ಶಾಲೆ ಬಿಡುತ್ತಾರೆ, ಬಿಟ್ಟವರಲ್ಲಿ ಮರಳಿ ಬರುವವರು ಕಡಿಮೆ. ಅಂಥವರಿಗಾಗಿ ಊರಿನಲ್ಲಿಯೇ ಒಂದು ಸಂಜೆ ಶಾಲೆಯನ್ನು ನಡೆಸಬೇಕೆಂದು ನಾನೂ ನಮ್ಮ ಯಜಮಾನರೂ ಹತ್ತು ವರ್ಷ ಹಣ ಕೂಡಿಸಿ ಐದು ಗುಂಟೆ ಜಾಗ ತೆಗೆದುಕೊಂಡೆವು. ಪ್ರತಿ ರಾತ್ರಿ ಪ್ರಾರ್ಥನೆಯಲ್ಲಿ ಆ ಶಾಲೆಯನ್ನು ದೇವರ ಮುಂದಿಟ್ಟೆವು.

ನನ್ನ ನಿವೃತ್ತಿಗೆ ಮೂರು ತಿಂಗಳಿರುವಾಗ ಅತ್ತೆಯವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಮತ್ತು ಮಾತು ಹೋದವು. ಕೂಡಿಸಿದ ಹಣದಲ್ಲಿ ಹೆಚ್ಚಿನದು ಆಸ್ಪತ್ರೆಗೆ ಖರ್ಚಾಯಿತು, ಅವರನ್ನು ಬಿಟ್ಟು ಊರಿಗೆ ಹೋಗುವ ಹಾಗಿಲ್ಲ. ಮಕ್ಕಳಿಗಾಗಿ ಕೊಂಡಿದ್ದ ನಲವತ್ತು ಪಾಟಿ ಮತ್ತು ಬಳಪದ ಡಬ್ಬಿಗಳು ಅವರ ಮಂಚದ ಕೆಳಗಿನ ಟ್ರಂಕಿನಲ್ಲಿಯೇ ಇವೆ. ಗಂಜಿ ಕುಡಿಸಲು ಕುಳಿತಾಗಲೆಲ್ಲ ನನ್ನ ಕಾಲು ಆ ಟ್ರಂಕಿಗೆ ತಾಗುತ್ತದೆ.

ನಮಗಾಗಿ ಕೇಳಿದ್ದು ಸಿಗಲಿಲ್ಲವೆಂದರೆ ಅದನ್ನು ಒಪ್ಪಿಕೊಳ್ಳಬಲ್ಲೆ. ಆದರೆ ಇದು ಬಡಮಕ್ಕಳಿಗಾಗಿ, ದೇವರ ಹೆಸರಿನಲ್ಲಿ ಮಾಡಹೊರಟ ಕೆಲಸ. ಇದು ದೇವರ ಚಿತ್ತವಲ್ಲವೆಂದಾದರೆ ನಮ್ಮ ಯೋಜನೆಯೇ ತಪ್ಪಾಗಿತ್ತೇ? “ಎಲ್ಲವೂ ದೇವರ ಚಿತ್ತ” ಎಂದು ನೆಂಟರು ಹೇಳುವಾಗ ತಲೆಯಾಡಿಸುತ್ತೇನೆ, ಒಳಗೆ ಮಾತ್ರ ಒಪ್ಪಿಗೆ ಹುಟ್ಟುತ್ತಿಲ್ಲ.

ಧಾರವಾಡದ ನಿವೃತ್ತ ಸಭಾಪಾಲಕ:

ಸಹೋದರಿ, ಕ್ರಿಸ್ತನಲ್ಲಿ ವಂದನೆಗಳು. ಯೋಜನೆಯೇ ತಪ್ಪಾಗಿತ್ತೇ ಎಂಬ ನಿಮ್ಮ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಸತ್ಯವೇದದಲ್ಲಿ ಅದಕ್ಕೆ ನೇರವಾದ ಉತ್ತರವಿದೆ.

ಅರಸನಾದ ದಾವೀದನು ತಾನು ದೇವದಾರು ಮರದ ಅರಮನೆಯಲ್ಲಿರುವಾಗ ದೇವರ ಮಂಜೂಷವು, ಅಂದರೆ ದೇವರ ಆಜ್ಞೆಗಳನ್ನಿಟ್ಟ ಪವಿತ್ರ ಪೆಟ್ಟಿಗೆಯು, ಗುಡಾರದಲ್ಲಿದೆಯೆಂದು ನೊಂದು, ಆಲಯವನ್ನು ಕಟ್ಟಲು ಮನಸ್ಸು ಮಾಡಿದನು. ಪ್ರವಾದಿಯಾದ ನಾತಾನನು ಅದನ್ನು ಕೇಳಿದ ಕೂಡಲೇ ಮಾಡೆಂದನು. ಅದೇ ರಾತ್ರಿ ನಾತಾನನಿಗೆ ದೇವರ ವಾಕ್ಯ ಬಂತು: ಕಟ್ಟುವವನು ದಾವೀದನಲ್ಲ, ಅವನ ಮಗ. ಎರಡನೆಯ ಸಮುವೇಲನ ಏಳನೆಯ ಅಧ್ಯಾಯದಲ್ಲಿ ಇದನ್ನು ಓದಿದವರಲ್ಲಿ ಅನೇಕರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ವರ್ಷಗಳ ನಂತರ ಆಲಯವನ್ನು ಪ್ರತಿಷ್ಠಿಸುವ ದಿನ ಸೊಲೊಮೋನನು ಜನರೆಲ್ಲರ ಮುಂದೆ ಒಂದು ಮಾತನ್ನು ತಿಳಿಸುತ್ತಾನೆ. ಆಲಯ ಕಟ್ಟಬೇಕೆಂಬ ಆಸೆ ನಿನ್ನ ಹೃದಯದಲ್ಲಿದ್ದದ್ದು ಒಳ್ಳೆಯದೇ ಎಂದು ದೇವರು ತನ್ನ ತಂದೆಗೆ ಹೇಳಿದ್ದರಂತೆ. ಅರಸುಗಳು ಮೊದಲನೆಯ ಭಾಗದ ಎಂಟನೆಯ ಅಧ್ಯಾಯದಲ್ಲಿರುವ ಈ ಮಾತನ್ನು ನಾನು ಸೇವೆಯಲ್ಲಿದ್ದಾಗ ಸಾಕಷ್ಟು ಬೋಧಿಸಲಿಲ್ಲವೆಂಬ ಕೊರಗು ನನಗಿದೆ. ದೇವರು ಕೆಲಸವನ್ನು ತಡೆದರು, ಆಸೆಯನ್ನು ತಳ್ಳಿಹಾಕಲಿಲ್ಲ. ಆದುದರಿಂದ ನಿಮ್ಮ ಹತ್ತು ವರ್ಷದ ಪ್ರಾರ್ಥನೆ ತಪ್ಪು ವಿಳಾಸಕ್ಕೆ ಹೋಯಿತೆಂದು ದಯವಿಟ್ಟು ತಿಳಿಯಬೇಡಿರಿ.

ಬೇಡವೆಂಬ ಉತ್ತರ ಬಂದ ಮೇಲೆ ದಾವೀದನು ಒಳಗೆ ಹೋಗಿ ದೇವರ ಮುಂದೆ ಕುಳಿತುಕೊಂಡನು. ಅಪ್ಪಣೆ ಕೊಡುವ ಅರಸನು ಕುಳಿತು ಪ್ರಾರ್ಥಿಸಿದನೆಂಬುದನ್ನು ಗ್ರಂಥವು ಬಿಡದೆ ಹೇಳಿದೆ. ಆಮೇಲೆ ಅವನು ಕೈಕಟ್ಟಿ ಕೂಡಲಿಲ್ಲ. ಬಾಗಿಲುಗಳ ಮೊಳೆಗಳಿಗೆ ಕಬ್ಬಿಣ, ಚೀದೋನ್ಯರೂ ತೂರಿನವರೂ ತಂದ ದೇವದಾರು, ಕೆತ್ತಿದ ಕಲ್ಲು, ಇವೆಲ್ಲವನ್ನೂ ಕೂಡಿಸಿ, ಆಲಯದ ನಕ್ಷೆಯನ್ನೂ ಮಗನ ಕೈಗೆ ಒಪ್ಪಿಸಿದನು. ತಾನು ಕಾಣದ ಕಟ್ಟಡಕ್ಕಾಗಿ ಮೊಳೆಯ ಲೆಕ್ಕದವರೆಗೂ ಯೋಚಿಸಿದವನದು ಸೋತವನ ಸುಮ್ಮನಿರುವಿಕೆಯೆಂದು ನನಗೆ ತೋರುವುದಿಲ್ಲ. ನಿಮ್ಮ ಟ್ರಂಕಿನ ಸಂಗತಿಯನ್ನು ಓದಿದಾಗ ನನಗೆ ಆ ಮೊಳೆಗಳೇ ನೆನಪಾದವು.

ಹಾವೇರಿಯ ನರ್ಸ್:

ಸಭಾಪಾಲಕರ ಮಾತನ್ನು ಗೌರವಿಸುತ್ತಲೇ ಒಂದನ್ನು ಸೇರಿಸುತ್ತೇನೆ. ಲಕ್ವಾ ಹೊಡೆದದ್ದನ್ನು ದೇವರೇ ಕಳುಹಿಸಿದರೆಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಲಕ್ವಾ ಆಗುತ್ತದೆ, ರಕ್ತದೊತ್ತಡ ಹೆಚ್ಚಿದ್ದವರಿಗೆ ಆಗುವುದು ಹೆಚ್ಚು. ಅದು ಬಂದ ಮೇಲೆ ಈ ದಿನ ನನ್ನಿಂದ ಏನನ್ನು ಬಯಸುತ್ತೀರಿ ಎಂದು ದೇವರನ್ನು ಕೇಳುವುದು ಬೇರೆಯೇ ಮಾತು.

ಒಪ್ಪಿಗೆ ಹುಟ್ಟುತ್ತಿಲ್ಲವೆಂದು ನೀವು ನಾಚಬೇಕಾಗಿಲ್ಲ, ಅಕ್ಕಾವರೇ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯವರೇ ಈ ಸಂಕಟದ ಪಾತ್ರೆ ತೊಲಗಲಿ ಎಂದು ಮೊದಲು ಕೇಳಿದರು, ನಿನ್ನ ಚಿತ್ತದಂತೆ ಆಗಲಿ ಎಂದದ್ದು ಅದರ ನಂತರ. ಅವರು ಮೂರು ಸಲ ಅದೇ ಪ್ರಾರ್ಥನೆಯನ್ನು ಮಾಡಿದರೆಂದು ಮತ್ತಾಯನು ಬರೆದಿದ್ದಾನೆ. ಅವರೇ ಮೂರು ಸಲ ಕೇಳಿದ ಮೇಲೆ ನಮಗೆ ಮುನ್ನೂರು ಸಲ ಬೇಕಾದರೂ ತಪ್ಪೇನಿಲ್ಲ.

ಇನ್ನೊಂದು ಮಾತು. ಎರಡು ತಾಸಿಗೊಮ್ಮೆ ಹೊರಳಿಸುವುದು, ತಲೆಯ ಕಡೆ ಎತ್ತರಿಸಿ ಕೂಡಿಸಿಯೇ ಗಂಜಿ ಕುಡಿಸುವುದು ಒಬ್ಬರಿಂದ ಬಹುಕಾಲ ಸಾಗುವ ಕೆಲಸವಲ್ಲ. ವಾರಕ್ಕೆ ಎರಡು ಮಧ್ಯಾಹ್ನವಾದರೂ ಬೇರೆ ಯಾರನ್ನಾದರೂ ಕೂಡಿಸಿ ನೀವು ಮಲಗಿರಿ. ನಿದ್ದೆಯಿಲ್ಲದವರಿಗೆ ದೇವರ ಮೇಲಿನ ಮುನಿಸು ಎಷ್ಟು, ದಣಿವು ಎಷ್ಟು ಎಂಬುದು ಬೇರ್ಪಡಿಸಲು ಬರುವುದಿಲ್ಲ.

ಗದಗಿನ ಓದುಗ:

ಅಕ್ಕಾವರಿಗೆ ಶರಣು. ನಮ್ಮ ಮನೆಯವರು ಲಿಂಗಾಯತರು. ನಿಮ್ಮ ಗ್ರಂಥದ ಕುರಿತು ಮಾತನಾಡುವ ಅಧಿಕಾರ ನನಗಿಲ್ಲ, ಆದರೂ ದಾವೀದನ ಕಥೆಯನ್ನು ಓದುವಾಗ ನನ್ನ ಮನಸ್ಸು ನಮ್ಮ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಯಿತು. ಹಾನಗಲ್ ತಾಲೂಕಿನಲ್ಲಿ ಹುಟ್ಟಿದ, ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೂ ಅನಾಥ ಮಕ್ಕಳಿಗೂ ಅನ್ನವಿಕ್ಕಿ ಸಂಗೀತ ಕಲಿಸುತ್ತಾ ಊರೂರು ತಿರುಗಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅದೇ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಭಾರವನ್ನು ಹೊತ್ತರು. ಇಂದು ಅಲ್ಲಿ ಹಾರ್ಮೋನಿಯಂ ಮುಂದೆ ಕುಳಿತಿರುವ ಮಕ್ಕಳು ಹಿರಿಯ ಗುರುಗಳನ್ನು ಕಂಡವರಲ್ಲ.

ಸಂಗೀತ ಬರಲೆಂದೇ ದೇವರು ಕಣ್ಣು ಕಿತ್ತುಕೊಂಡನೆಂದು ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಆದರೆ ಒಬ್ಬರ ಸಂಕಲ್ಪ ಇನ್ನೊಬ್ಬರ ಕೈಯಲ್ಲಿ ಮುಂದುವರಿದದ್ದನ್ನು ನಮ್ಮೂರಿನಲ್ಲಿಯೇ ಕಂಡಿದ್ದೇನೆ. ನಿಮ್ಮ ತವರೂರಿನಲ್ಲಿ ಕಲಿಸಬಲ್ಲವರು ಯಾರಾದರೂ ಇದ್ದರೆ ತಿಳಿಸಿರಿ. ವಾರಕ್ಕೊಮ್ಮೆ ನನ್ನ ಗಾಡಿ ಹುಬ್ಬಳ್ಳಿಗೆ ಬರುತ್ತದೆ, ಟ್ರಂಕನ್ನು ನಾನು ಒಯ್ಯುತ್ತೇನೆ.

ಹುಬ್ಬಳ್ಳಿಯ ಶಿಕ್ಷಕಿ:

ಮೂವರಿಗೂ ನನ್ನ ನಮಸ್ಕಾರಗಳು. ಸೊಲೊಮೋನನ ಆ ಮಾತನ್ನು ನಿನ್ನೆ ರಾತ್ರಿ ಅತ್ತೆಯವರಿಗೆ ಓದಿ ಹೇಳಿದೆ. ಅವರು ಎಡಗೈಯಿಂದ ನನ್ನ ಸೆರಗನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನಮ್ಮ ಯೋಜನೆ ಅವರಿಗೆ ಗೊತ್ತಿತ್ತು, ತಮ್ಮಿಂದಲೇ ಅದು ನಿಂತಿತೆಂಬ ನೋವು ಅವರಲ್ಲಿಯೂ ಇದ್ದಿರಬಹುದೆಂದು ಈ ಒಂದು ವರ್ಷ ನನಗೆ ಹೊಳೆಯಲೇ ಇಲ್ಲ.

ಒಪ್ಪಿಕೊಂಡೆನೆಂದು ಈಗಲೇ ಬರೆದರೆ ಸುಳ್ಳಾಗುತ್ತದೆ. ಜಾಗದ ವಿಷಯವನ್ನು ಮುಂದೆ ನೋಡುತ್ತೇವೆ. ಊರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಡಿ.ಎಡ್. ಮುಗಿಸಿ ಮನೆಯಲ್ಲಿದ್ದಾಳೆ. ಆಕೆಗೆ ಬೆಳಿಗ್ಗೆ ಫೋನ್ ಮಾಡಿದೆ, ತನ್ನ ಮನೆಯ ಪಡಸಾಲೆಯಲ್ಲಿ ಹತ್ತು ಮಕ್ಕಳನ್ನು ಕೂಡಿಸಬಹುದೆಂದಳು. ಗದಗಿನ ಅಣ್ಣನವರು ಭಾನುವಾರ ಬರುವುದಾದರೆ ಆರಾಧನೆ ಮುಗಿಸಿ ಹನ್ನೊಂದಕ್ಕೆ ಮನೆಯಲ್ಲಿರುತ್ತೇವೆ. ಟ್ರಂಕು ಭಾರವಾಗಿದೆ, ಎತ್ತಲು ಇಬ್ಬರು ಬೇಕಾಗುತ್ತದೆ.