ಮುತ್ಯಾನ ಮನಿ ಗ್ರೂಪಿನಾಗ 14416

ಮುಂಜಾನಿ ಏಳಕ್ಕ ಮಲ್ಲು ಒಂದು ಫಾರ್ವರ್ಡ್ ಒಗೆದ. ಮ್ಯಾಲ ಜೋಡಿ ಬಾಣ.

"14416ಕ್ಕ ಫೋನ್ ಹಚ್ಚಬ್ಯಾಡ್ರಿ! ನಿಮ್ಮ ಹೆಸರು ಹುಚ್ಚರ ಪಟ್ಟಿಗಿ ಹೋಗ್ತದ. ಮಕ್ಕಳಿಗಿ ನೌಕರಿ ಇಲ್ಲ, ಹೆಣ್ಣು ಇಲ್ಲ. 20 ಮಂದಿಗಿ ಕಳಸ್ರಿ."

ಶಿವು: ಯಾರ್ ಹೇಳ್ಯಾರ? ಮೂಲ ತೋರ್ಸು. ಅದು ಟೆಲಿ ಮಾನಸ್, ಮನಸ್ಸಿನ ತ್ರಾಸಿಗಿ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್‌ದಾಗ ಸುರು ಆಗ್ಯದ, ಬೆಂಗಳೂರಿನ ನಿಮ್ಹಾನ್ಸ್ ಮುಂದ ನಿಂತು ನಡಸ್ತದ. ಪುಕ್ಕಟ. ರಾತ್ರಿ ಎರಡಕ್ಕ ಹಚ್ಚಿದ್ರೂ ಎತ್ತತಾರ, ಕನ್ನಡದಾಗೇ ಮಾತಾಡ್ತಾರ.

ಮಲ್ಲು: ನನಗ ಬಂದದ, ಕಳಸೀನಿ. ಸುಳ್ಳಿದ್ರ ಬಿಡು.

ಶಿವು: ಬಿಡು ಅಂದ್ರ? ಮಾನಸಿಕ ಆರೋಗ್ಯ ಕಾಯ್ದಿ 2017, 23ನೇ ಕಲಂ ಓದು. ರೋಗಿ ಗುಟ್ಟು ಹೊರಗ ಬಿಡಂಗಿಲ್ಲ.

ಮಲ್ಲು: ಕಲಂ ಅಂದ್ರ ನಿಂದೇ. ಹೊಲ ಪಾಲ ಮಾಡಾಗ ಭೀ ಕಲಂ ತೋರ್ಸೇ ಬಾವಿ ಕಡಿ ತುಂಡ ನೀ ಹೊಡ್ಕೊಂಡಿ.

ಅಲ್ಲಿಗಿ 14416 ಮುಗೀತು, ಬಾವಿ ಸುರು ಆಯ್ತು. ನಲವತ್ತು ಮೆಸೇಜ್. ಅವನ್ನ ಇಲ್ಲಿ ಬರಿಯಂಗಿಲ್ಲ.

ದೊಡ್ಡ ಕಾಕಾ: ಇಬ್ರೂ ಸುಮ್ಕ ಕುಂಡ್ರಿ. ನಮ್ಮ ಕಾಲಕ್ಕ ಡಿಪ್ರೆಶನ್ ಗಿಪ್ರೆಶನ್ ಇರಲಿಲ್ಲ. ನೆಟಿ ರೋಗಕ್ಕ ತೊಗರಿ ಪೂರಾ ಒಣಗಿದ್ರೂ ಮರುವರ್ಷ ಕೂರಿಗಿ ಹಿಡದೀವಿ. ಲಗೂನ ಏಳ್ರಿ, ವಿಭೂತಿ ಹಚ್ರಿ, ಮನಸ್ಸು ತಾನೇ ಗಟ್ಟಿ ಆಗ್ತದ.

ಹನ್ನೊಂದು ಮಂದಿ ಕೈ ಮುಗದ್ರು. ಶಿವು ಭೀ.

ಸುವರ್ಣಕ್ಕ: ಗಾಣಗಾಪುರ ನೆನಪಾಯ್ತು ನೋಡ್ರಿ! ಟೆಂಪೋ ಮಾಡ್ಕೊಂಡು ಹೋಗಿದ್ವಿ. ಆರತಿ ವ್ಯಾಳ್ಯಾಕ್ಕ ದೆವ್ವ ಬಡದದ ಅಂತ ಕರ್ಕೊಂಡು ಬಂದಿದ್ದ ಒಬ್ಬಾಕಿ ಗುಡಿ ಕಂಬ ಹತ್ತಿ ಚೀರಿದ್ಲು, ಮಲ್ಲು ಚಡ್ಡ್ಯಾಗೇ ಮಾಡ್ಕೊಂಡಿದ್ದ. ಆಮ್ಯಾಲ ಸಂಗಮದಾಗ ಕುಂತು ಅವ್ವನ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ!

ಕಂಬ ಹತ್ತಿದಾಕಿ ಮುಂದ ಏನಾದ್ಲು ಅಂತ ಯಾರೂ ಕೇಳಲಿಲ್ಲ. ಹಿಂಡಿಗಿ ಬಳ್ಳೊಳ್ಳಿ ಎಷ್ಟು ಅಂತ ಮೂರು ಮಂದಿ ಕೇಳಿದ್ರು.

ನಾ "ಕಾಕಾ, ನೀವು" ತನಕ ಟೈಪ್ ಮಾಡಿ ಅಳಿಸಿದೆ. ಎರಡು ವರ್ಷದಿಂದ ತಿಂಗಳಿಗೊಮ್ಮಿ ಅವರಿಗಿ ಸೋಲಾಪುರಕ್ಕ ಕರಕೊಂಡು ಹೋಗಾಂವ ನಾನೇ. ಮನ್ಯಾಗ ಎಲ್ಲರಿಗೂ ಕಣ್ಣಿನ ಡಾಕ್ಟರ್ ಅಂತ ಗೊತ್ತು. ಕಲಬುರಗ್ಯಾಗ ಮನಸ್ಸಿನ ಡಾಕ್ಟರ್ ಇಲ್ಲ ಅಂತಲ್ಲ, ದವಾಖಾನಿ ಬೆಂಚಿನ ಮ್ಯಾಲ ನಮ್ಮವರು ಯಾರರೆ ಕುಂತಿರ್ತಾರ ಅಂತ. ಗುಳಿಗಿ ಹತ್ತಿದ ಮ್ಯಾಲ ನಟ್ಟನಡುರಾತ್ರಿ ಅಂಗಳದಾಗ ತಿರಗೂದು ಕಡಿಮಿ ಆಗ್ಯದ. ಸಂತಿಗಿ ಭೀ ಹೋಗ್ಲತ್ತಾರ.

ರಾತ್ರಿ ಒಂಬತ್ತಕ್ಕ ಅವರದೇ ಮೆಸೇಜ್ ಬಂತು. ಗ್ರೂಪಿಗಲ್ಲ, ನನಗ.

"ಸೋಮವಾರ ಗಾಡಿ ತಗೊಂಡು ಬಾ, ಕಣ್ಣು ತೋರಸಬೇಕು. ಮತ್ತ ಶಿವು ಅಂದದ್ದು, ಎರಡಕ್ಕ ಹಚ್ಚಿದ್ರ ಖರೇನೇ ಎತ್ತತಾರೇನು?"