ಉರಿದದ್ದು ಚಿಪ್ಸ್, ಬೈಸಿಕೊಂಡದ್ದು ಫ್ರೆಂಚ್ ಫ್ರೈಸ್

ಶನಿವಾರ ಬೆಳಿಗ್ಗೆ 6 ಗಂಟೆಗೆ ತೀರ್ಥಹಳ್ಳಿಯ ದೊಡ್ಡಪ್ಪ ನಮ್ಮ ಕುಟುಂಬದ ಗುಂಪಿಗೆ ಒಂದು ವಿಡಿಯೊ ಕಳುಹಿಸಿದರು. ಜೊತೆಗೆ ಈ ಬರಹ: “ಎಚ್ಚರ! ಫ್ರೋಜನ್ ಫ್ರೆಂಚ್ ಫ್ರೈಸ್‌ಗೆ ಮೇಣ ಬಳಿದಿರುತ್ತಾರೆ. ವರ್ಷವಿಟ್ಟರೂ ಕೆಡುವುದಿಲ್ಲ, ಇರುವೆಯೂ ಮುಟ್ಟುವುದಿಲ್ಲ. ಬೆಂಕಿ ತಾಗಿಸಿದರೆ ಪ್ಲಾಸ್ಟಿಕ್‌ನಂತೆ ಉರಿಯುತ್ತದೆ. ಎಲ್ಲ ಗುಂಪುಗಳಿಗೂ ಕಳುಹಿಸಿ.” ನಮ್ಮದು 38 ಜನರ ಗುಂಪು. ಕಾಫಿ ಕುಡಿಯುವಷ್ಟರಲ್ಲಿ ಹನ್ನೊಂದು ಮಂದಿ ಕೈಮುಗಿದಿದ್ದರು.

ದೊಡ್ಡಪ್ಪ: ಮಕ್ಕಳಿರುವ ಮನೆಯವರು ತಪ್ಪದೆ ನೋಡಿ.

ಚಿಕ್ಕಮ್ಮ: ಅಯ್ಯೋ, ನಮ್ಮ ಪುಟ್ಟ ವಾರಕ್ಕೆರಡು ಸಲ ತಿನ್ನುತ್ತಾನೆ ಭಾವ!

ಹೊಸನಗರದ ಅತ್ತೆ: ಅಣ್ಣ, ಇದು ನನಗೆ ಹೇಳಿದ್ದೋ?

ದೊಡ್ಡಪ್ಪ: ಎಲ್ಲರಿಗೂ ಹೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ನೀನೇಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀಯೆ?

ಆ ಗಾದೆಯನ್ನು ಅವರು ಬರೆಯಬಾರದಿತ್ತು. ಹೋದ ವರ್ಷ ದೊಡ್ಡಪ್ಪನ ಮೊಮ್ಮಗನ ಉಪನಯನದ ಸಂಜೆ ಅತ್ತೆ ಮಕ್ಕಳಿಗೆಂದು ನಾಲ್ಕು ಪೊಟ್ಟಣ ಫ್ರೆಂಚ್ ಫ್ರೈಸ್ ತಂದು ಕರಿದಿದ್ದರು. ಮಕ್ಕಳು ಅದರ ಸುತ್ತ ಮುತ್ತಿಕೊಂಡರು. ದೊಡ್ಡಮ್ಮ ಎರಡು ತಿಂಗಳು ಮೊದಲೇ ಒತ್ತಿ ಒಣಗಿಸಿ ಅಟ್ಟದಲ್ಲಿಟ್ಟಿದ್ದ ಹಲಸಿನ ಹಪ್ಪಳದ ಬುಟ್ಟಿ ಹಾಗೆಯೇ ಉಳಿಯಿತು. ಅಂದು ಯಾರೂ ಏನೂ ಹೇಳಲಿಲ್ಲ. ಹೇಳದೆ ಉಳಿದದ್ದೆಲ್ಲ ಈ ಶನಿವಾರ ಹೊರಬಂತು.

ಹೊಸನಗರದ ಅತ್ತೆ: ನಿನ್ನ ಮನೆಯ ಮಕ್ಕಳಿಗೆ ನಾನು ವಿಷ ಕರಿದು ಹಾಕಿದೆ ಎಂದು ನೇರವಾಗಿಯೇ ಬರೆ.

ಬೆಂಗಳೂರಿನ ತಮ್ಮ: ದೊಡ್ಡಪ್ಪ, ಇದರ ಮೂಲ ಎಲ್ಲಿದೆ? ಯಾವ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದು?

ದೊಡ್ಡಪ್ಪ: ಕಣ್ಣೆದುರು ಉರಿಯುತ್ತಿರುವುದಕ್ಕೆ ಮೂಲ ಬೇಕೇ? ಹಿರಿಯರು ಬೇಡವೆಂದರೆ ಬಿಡುವ ಕಾಲವೊಂದಿತ್ತು. ನಾಲಿಗೆ ಗೆದ್ದವನು ರೋಗ ಗೆದ್ದ.

ಚಿಕ್ಕಪ್ಪ: ಮೂಲ ಕೇಳುವವನು ಹೋದ ಸಲ ಅಡಿಕೆ ಧಾರಣೆ ಬೀಳುತ್ತದೆ ಎಂದು ಇಲ್ಲಿಯೇ ಹಾಕಿದ್ದಕ್ಕೆ ಮೂಲ ಕೊಟ್ಟಿದ್ದನೇ? ಅದನ್ನು ನಂಬಿ ನಾನು ರಾಶಿ ಅಡಿಕೆಯನ್ನು ಬಂದ ಬೆಲೆಗೆ ಮಾರಿ ಬಂದೆ.

ಬೆಂಗಳೂರಿನ ತಮ್ಮ: ಅದು ಬೇರೆ ವಿಷಯ ಚಿಕ್ಕಪ್ಪ.

ಚಿಕ್ಕಪ್ಪ: ನಿನಗೆ ಬೇರೆ ವಿಷಯ. ತೋಟ ನನ್ನದು.

ಸಾಗರದ ಭಾವ: ಕರಿದದ್ದು ಎಂದಾಗ ಹಪ್ಪಳ ನೆನಪಾಯಿತು. ಆಷಾಢದ ಜಡಿಮಳೆ, ಬಚ್ಚಲೊಲೆಯ ಕೆಂಡ, ಹಲಸಿನ ಹಪ್ಪಳ ಸುಟ್ಟು ಕೊಬ್ಬರಿ ಎಣ್ಣೆ ಸವರಿ ಅಜ್ಜಿ ಕೈಗಿಡುತ್ತಿದ್ದರು. ಜೊತೆಗೊಂದು ತೆಂಗಿನಕಾಯಿ ಚೂರು. ಯಾರಿಗೆ ನೆನಪಿದೆ?

ಎಲ್ಲರಿಗೂ ನೆನಪಿತ್ತು. ಮುಕ್ಕಾಲು ಗಂಟೆ ಅಜ್ಜಿಯ ಬಚ್ಚಲೊಲೆಯದೇ ಮಾತು. ನನಗೂ ಕಣ್ಣು ತುಂಬಿತು, ನಿಜ. ಆದರೆ ಅತ್ತೆ ಅಷ್ಟರಲ್ಲಿ ಗುಂಪು ಬಿಟ್ಟು ಹೋಗಿದ್ದರು. ಅದನ್ನು ಯಾರೂ ಗಮನಿಸಿರಲಿಲ್ಲ.

ನಾನು ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ವಿಡಿಯೊವನ್ನು ಕೊನೆಯವರೆಗೆ ಎರಡು ಸಲ ನೋಡಿದೆ. ಅದರಲ್ಲಿ ಉರಿಯುತ್ತಿದ್ದುದು ಫ್ರೆಂಚ್ ಫ್ರೈಸ್ ಅಲ್ಲವೇ ಅಲ್ಲ, ದುಂಡಗಿನ ತೆಳು ಚಿಪ್ಸ್. ಬರಹ ಒಂದರದು, ಚಿತ್ರ ಇನ್ನೊಂದರದು. ಬೆಳಿಗ್ಗೆಯಿಂದ ಜಗಳವಾಡಿದವರಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ, ಮೂಲ ಕೇಳಿದ ತಮ್ಮನೂ ಹೇಳಲಿಲ್ಲ. ಅತ್ತೆಯ ಕಣ್ಣೀರಿಗೆ ಕಾರಣವಾದದ್ದನ್ನು ಪೂರ್ತಿ ನೋಡುವಷ್ಟು ತಾಳ್ಮೆಯೂ ನಮಗೆ ಇಲ್ಲವಾಯಿತೇ ಎಂದು ನನಗೆ ಬಹಳ ನೋವಾಯಿತು.

ಮನೆಯಲ್ಲಿ ದೊಡ್ಡಮ್ಮ ಕಳುಹಿಸಿದ್ದ ಹಲಸಿನಕಾಯಿ ಚಿಪ್ಸ್ ಇತ್ತು. ಒಂದನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದೆ. ಚೆನ್ನಾಗಿ ಉರಿಯಿತು. ಫ್ರೀಜರಿನಿಂದ ತೆಗೆದ ಫ್ರೆಂಚ್ ಫ್ರೈಗೂ ಗೀರಿದೆ. ಅದು ನೀರು ತೊಟ್ಟಿಕ್ಕಿಸಿ ತುದಿ ಕಪ್ಪಾಯಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಎರಡನ್ನೂ ಚಿತ್ರೀಕರಿಸಿ ಗುಂಪಿಗೆ ಹಾಕಿದೆ.

ದೊಡ್ಡಮ್ಮ: ನಾನು ಕೈಯಾರೆ ಮಾಡಿದ್ದನ್ನು ಪ್ಲಾಸ್ಟಿಕ್ ಎಂದು ತೋರಿಸಲು ಸುಟ್ಟೆಯಾ ಮಗಳೇ?

ಚಿಕ್ಕಮ್ಮ: ಅಕ್ಕನ ಮನಸ್ಸು ನೋಯಿಸಬಾರದಿತ್ತು.

ಬೆಂಗಳೂರಿನ ತಮ್ಮ: ಅಕ್ಕ, ನಿಮ್ಮ ಪ್ರಯೋಗಕ್ಕೂ ಮೂಲ ಬೇಕು.

ಹಾಗಾಗಿ ಕುಳಿತು ಉದ್ದಕ್ಕೆ ಬರೆದೆ.

ನಾನು: ದೊಡ್ಡಮ್ಮ, ನಿಮ್ಮ ಚಿಪ್ಸ್ ಒಳ್ಳೆಯದೆಂದು ಗೊತ್ತಿದ್ದೇ ಸುಟ್ಟೆ. ಆಲೂಗಡ್ಡೆ ಚಿಪ್ಸ್‌ನ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆ, ನೀರು ಇಲ್ಲವೆನ್ನುವಷ್ಟು ಕಡಿಮೆ. ಹಲಸಿನದೂ ಎಣ್ಣೆ ಕುಡಿದದ್ದೇ. ದೀಪದ ಬತ್ತಿ ಉರಿಯುವುದೂ ಎಣ್ಣೆಯಿಂದಲೇ ಅಲ್ಲವೇ? ಫ್ರೋಜನ್ ಫ್ರೆಂಚ್ ಫ್ರೈಯಲ್ಲಿ ಹೆಚ್ಚಿನ ಪಾಲು ನೀರು. ಆಲೂಗಡ್ಡೆಯ ಸಿಪ್ಪೆ ತೆಗೆದು, ಹೆಚ್ಚಿ, ಬಿಸಿನೀರಿನಲ್ಲಿ ಅರೆಬೇಯಿಸಿ, ಎಣ್ಣೆಯಲ್ಲಿ ಅರೆಕರಿದು ಹೆಪ್ಪುಗಟ್ಟಿಸುತ್ತಾರೆ. ಮೈನಸ್ 18 ಡಿಗ್ರಿಯಲ್ಲಿ ಸೂಕ್ಷ್ಮಾಣುಗಳು ಬೆಳೆಯುವುದಿಲ್ಲ. ವರ್ಷ ಕೆಡದಿರುವುದು ಅದಕ್ಕಾಗಿ, ಮೇಣಕ್ಕಾಗಿ ಅಲ್ಲ.

ಪೊಟ್ಟಣದ ಹಿಂಬದಿಯ ಚಿತ್ರ ಹಾಕಿದ್ದೇನೆ, ಓದಿ. ಆಲೂಗಡ್ಡೆ, ಎಣ್ಣೆ, ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ, 450(i). ಕೊನೆಯದು ಒಂದು ಫಾಸ್ಫೇಟ್, ಬೇಕಿಂಗ್ ಪೌಡರಿನಲ್ಲಿಯೂ ಬಳಸುವಂಥದ್ದು. ಬೆಂದ ಆಲೂಗಡ್ಡೆ ಕಪ್ಪಾಗದಿರಲೆಂದು ಹಾಕುತ್ತಾರೆ. ದೊಡ್ಡಮ್ಮ, ಬಾಳೆಕಾಯಿ ಹೆಚ್ಚಿದ ಕೂಡಲೇ ನೀವು ಮಜ್ಜಿಗೆ ನೀರಿಗೆ ಹಾಕುವುದಿಲ್ಲವೇ, ಉದ್ದೇಶ ಅದೇ.

ಕಳೆದ ತಿಂಗಳು ಒಂದೇ ಬಾಣಲೆಯಲ್ಲಿ ಮೂರು ಬಗೆ ಕರಿದು ನೋಡಿದ್ದೆ. ಪೊಟ್ಟಣದ್ದು ಹೊರಗೆ ಗರಿಗರಿ, ಒಳಗೆ ಹಿಟ್ಟು ಹಿಟ್ಟಾಗಿ ಚೆನ್ನಾಗಿತ್ತು. ಸಂತೆಯಲ್ಲಿ ತಂದ ಹಾಸನದ ಆಲೂಗಡ್ಡೆಯದು ರುಚಿಯಲ್ಲಿ ಪೊಟ್ಟಣಕ್ಕಿಂತ ಮೇಲು, ಆದರೆ ತಟ್ಟೆಗೆ ಬಂದ ಐದು ನಿಮಿಷಕ್ಕೆ ಮೆತ್ತಗಾಯಿತು. ಅಲ್ಲಿ ಬಹುಕಾಲದಿಂದ ಬೆಳೆಯುವ ಕುಫ್ರಿ ಜ್ಯೋತಿ ತಳಿ ಪಲ್ಯಕ್ಕೆ, ಸಾಗುವಿಗೆ ಹೇಳಿ ಮಾಡಿಸಿದ್ದು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಚಿಪ್ಸ್‌ಗೆಂದೇ ಕುಫ್ರಿ ಚಿಪ್ಸೋನಾ, ಫ್ರೆಂಚ್ ಫ್ರೈಸ್‌ಗೆಂದೇ ಕುಫ್ರಿ ಫ್ರೈಸೋನಾ ಎಂಬ ತಳಿಗಳನ್ನು ರೂಪಿಸಿರುವುದು ಇದೇ ಕಾರಣಕ್ಕೆ: ಕರಿಯಲು ನೀರಿನಂಶ ಕಡಿಮೆ ಇರುವ ಗಡ್ಡೆ ಬೇಕು. ಮೂರನೆಯದು ವಾರವಿಡೀ ಫ್ರಿಜ್‌ನಲ್ಲಿಟ್ಟ ಅದೇ ಹಾಸನದ ಗಡ್ಡೆ. ಎಣ್ಣೆಗೆ ಬಿದ್ದ ಕೂಡಲೇ ಕಂದಾಯಿತು, ಕಹಿ ಬಂತು. ತಂಪಿನಲ್ಲಿ ಪಿಷ್ಟ ಸಕ್ಕರೆಯಾಗಿರುತ್ತದೆ. ಆ ಕಂದು ಬಣ್ಣದ ಜೊತೆ, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಆಕ್ರಿಲಮೈಡ್ ಎಂಬ ರಾಸಾಯನಿಕವೂ ಹೆಚ್ಚುತ್ತದೆ. ಆಹಾರದಲ್ಲಿ ಅದು ಇರುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ದೊಡ್ಡಪ್ಪ, ಭಯಪಡಬೇಕಾದದ್ದು ಇದಕ್ಕೆ. ಪೊಟ್ಟಣದ್ದಾಗಲಿ ಮನೆಯದಾಗಲಿ, ಹೊಂಬಣ್ಣ ಬಂದ ಕೂಡಲೇ ತೆಗೆಯಬೇಕು, ವಾರಕ್ಕೆರಡು ಸಲ ಕೊಡಬಾರದು. ನಾಲಿಗೆಯ ವಿಷಯದಲ್ಲಿ ನೀವು ಹೇಳಿದ್ದು ಸರಿಯೇ.

ಇದನ್ನು ಬರೆದು, ಅತ್ತೆಗೆ ಕರೆ ಮಾಡಿ ಕ್ಷಮೆ ಕೇಳಿದೆ. ಚಿಕ್ಕಪ್ಪ ಅವರನ್ನು ಮತ್ತೆ ಗುಂಪಿಗೆ ಸೇರಿಸಿದರು.

ದೊಡ್ಡಪ್ಪ: ಇಷ್ಟುದ್ದ ಬರೆದರೆ ಯಾರು ಓದುತ್ತಾರೆ? ಅದಿರಲಿ, ಹೊರದೇಶದ ಆಲೂಗಡ್ಡೆ ನಮಗೇಕೆ?

ನಾನು: ಪೊಟ್ಟಣದ ಮೇಲೆ ಗುಜರಾತಿನ ವಿಳಾಸವಿದೆ ದೊಡ್ಡಪ್ಪ. ಮೆಹಸಾಣಾ, ಬನಾಸ್‌ಕಾಂಠಾ ಕಡೆಯ ರೈತರು ಬೆಳೆಯುತ್ತಾರೆ. ಹೊರದೇಶದ್ದೆಂದರೆ ಪಲ್ಯದ ಆಲೂಗಡ್ಡೆಯೂ ಹೊರದೇಶದ್ದೇ. ದಕ್ಷಿಣ ಅಮೆರಿಕದಿಂದ ಬಂದ ಬೆಳೆ.

ಸಾಗರದ ಭಾವ: ಅಜ್ಜಿ ಏಕಾದಶಿಗೆ ಆಲೂಗಡ್ಡೆ ಪಲ್ಯ ಮಾಡುತ್ತಿದ್ದರು, ನೆನಪಿದೆಯೇ?

ಮತ್ತೆ ಒಲೆ ಹೊತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅತ್ತೆ ಬರೆದರು. ಇಡೀ ದಿನದಲ್ಲಿ ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

ಹೊಸನಗರದ ಅತ್ತೆ: ಬುಧವಾರ ರಾತ್ರಿ ಗಾಳಿಗೆ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಬಂದದ್ದು ನಿನ್ನೆ ಸಂಜೆ. ಪೊಟ್ಟಣದೊಳಗಿನದೆಲ್ಲ ಈಗ ಒಂದಕ್ಕೊಂದು ಅಂಟಿ ಕಲ್ಲಿನಂತಾಗಿದೆ. ಇಟ್ಟುಕೊಳ್ಳಲೇ?

ನಾನು: ಬೇಡ ಅತ್ತೆ. ಅದು ಪೂರ್ತಿ ಕರಗಿ ಮತ್ತೆ ಹೆಪ್ಪುಗಟ್ಟಿದೆ. ಬಾಗಿಲು ತೆರೆಯದೆ ಬಿಟ್ಟರೆ ತುಂಬಿದ ದೊಡ್ಡ ಫ್ರೀಜರ್ ಸುಮಾರು 48 ಗಂಟೆ ತಂಪು ಹಿಡಿದಿಡುತ್ತದೆ, ನಿಮ್ಮ ಒಂದೇ ಬಾಗಿಲಿನ ಫ್ರಿಜ್‌ನ ಪುಟ್ಟ ಪೆಟ್ಟಿಗೆಗೆ ಅದು ಆಗದು. ಅಂಗಡಿಯಲ್ಲಿ ಕೊಳ್ಳುವಾಗಲೂ ಪೊಟ್ಟಣ ಅಲುಗಾಡಿಸಿ. ಕಡ್ಡಿಗಳು ಬಿಡಿಬಿಡಿಯಾಗಿ ಸದ್ದು ಮಾಡಬೇಕು. ಮುದ್ದೆಯಾಗಿದ್ದರೆ ಬಿಟ್ಟು ಬನ್ನಿ. ನಮ್ಮ ಮಳೆಗಾಲ ಮುಗಿಯುವವರೆಗೆ ಕೊಳ್ಳದಿದ್ದರೆ ಇನ್ನೂ ಒಳ್ಳೆಯದು.

ದೊಡ್ಡಪ್ಪ: ದನಕ್ಕೆ ಹಾಕಬಹುದೇ?

ನಾನು: ಬೇಡ ದೊಡ್ಡಪ್ಪ, ಗೊಬ್ಬರದ ಗುಂಡಿಗೆ ಹಾಕಲಿ.

ಹೊಸನಗರದ ಅತ್ತೆ: ಆಯಿತು. ಅಣ್ಣ, ನಿಮ್ಮಲ್ಲಿ ಕರೆಂಟ್ ಬಂದಿದೆಯೇ?

ದೊಡ್ಡಪ್ಪ: ಇನ್ನೂ ಇಲ್ಲ. ಇನ್ವರ್ಟರ್ ಸಂಜೆಯವರೆಗೆ ಬರುತ್ತದೆ.